ದೋಹಾದ ಇಸ್ಲಾಮಿಕ್ ಕಲಾ ಮ್ಯೂಸಿಯಂ: ಅರಬಿ ಓದಲು ಬಾರದವರು ಹೋಗಿ ಏನು ನೋಡೋದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ದೋಹಾಗೆ ಹೋಗುತ್ತಿದ್ದೇನೆ. ಅಣ್ಣ ಅಲ್ಲೇ ಕೆಲಸದಲ್ಲಿದ್ದಾನೆ. ಹತ್ತು ದಿನಕ್ಕೆ ಅವನು ಹಾಕಿಕೊಟ್ಟ ಪಟ್ಟಿಯಲ್ಲಿ ಮೊದಲ ಹೆಸರೇ ಇಸ್ಲಾಮಿಕ್ ಕಲಾ ಮ್ಯೂಸಿಯಂ. ಅಲ್ಲಿನ ಹಳೇ ಕುರಾನ್ ಹಸ್ತಪ್ರತಿಗಳನ್ನು ನೋಡಲೇಬೇಕು ಅಂತ ಅವನ ಹಠ.

ಅಮ್ಮ ತೀರ್ಥಹಳ್ಳಿ ಕಡೆಯ ಸರ್ಕಾರಿ ಶಾಲೆಯಲ್ಲಿ 32 ವರ್ಷ ಕನ್ನಡ ಕಲಿಸಿದವರು. ಪಟ್ಟಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಓದೋಕೆ ಬಾರದ ಪುಸ್ತಕದ ಮುಂದೆ ನಿಂತು ಏನೇ ಮಾಡೋದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮಿಬ್ಬರಿಗೂ ಅರಬಿಯ ಒಂದಕ್ಷರ ಬಾರದು.

ಹೋದವರು ಹೇಳಿ. ಎಷ್ಟು ಹೊತ್ತು ಬೇಕು? ಅಮ್ಮನಿಗೆ ಮಂಡಿ ನೋವು, ತುಂಬಾ ನಡೆಯಬೇಕಾ? ಸೀರೆ ಉಟ್ಟು ಹೋದರೆ ಪರವಾಗಿಲ್ವಾ?

ಕಾರ್ನಿಶ್ ವಾಕರ್

11 ವರ್ಷದಿಂದ ದೋಹಾದಲ್ಲಿದ್ದೇನೆ. ಸೀರೆಗೆ ಏನೂ ತೊಂದರೆಯಿಲ್ಲ. ಭುಜ, ಮಂಡಿ ಮುಚ್ಚಿರಬೇಕು, ಅಷ್ಟೇ. ಯಾವ ಧರ್ಮ ಅಂತ ಯಾರೂ ಕೇಳುವುದಿಲ್ಲ. ಅದು ಮಸೀದಿ ಅಲ್ಲ, ಮ್ಯೂಸಿಯಂ. ಲಿಫ್ಟ್ ಇದೆ. ಕತಾರ್ ಐಡಿ ಇರುವವರಿಗೆ ಉಚಿತ, ನಿಮಗೂ ಅಮ್ಮನಿಗೂ ಟಿಕೆಟ್ ಬೇಕು. ಶುಕ್ರವಾರ ಬೆಳಿಗ್ಗೆ ಮಾತ್ರ ಹೋಗಬೇಡಿ, ಮಧ್ಯಾಹ್ನದ ನಮಾಜ್ ಆದ ಮೇಲೇ ಬಾಗಿಲು ತೆಗೆಯೋದು.

ಮೆಟ್ರೋದಲ್ಲಿ ಹೋದರೆ ಸೂಕ್ ವಾಕಿಫ್ ಸ್ಟೇಷನ್‌ನಲ್ಲಿ ಇಳಿದು ನಡೆಯಬೇಕು. ಮಂಡಿ ನೋವು ಅಂದ್ರಲ್ಲ, ಅಣ್ಣನ ಕಾರಿನಲ್ಲೇ ಹೋಗಿ. ಬಿಸಿಲಿನಲ್ಲಿ ಆ ದಾರಿ ನಮಗೇ ಸುಸ್ತು.

ಮಸಾಲೆ ಮಂಜ

ಅದು ಮರಳುಗಾಡಿನ ಗುಲಾಬಿ ಥರ ತಟ್ಟೆ ತಟ್ಟೆ ಜೋಡಿಸಿದ ಕಟ್ಟಡ ತಾನೇ? ಹೊರಗಿನಿಂದ ಒಂದು ಫೋಟೋ ಹೊಡೆದುಕೊಂಡು ಬನ್ನಿ, ಸಾಕು 😀

ಗಾರೆ ಕೆಲಸ

ಮಂಜ, ಅದು ಕತಾರ್ ರಾಷ್ಟ್ರೀಯ ಮ್ಯೂಸಿಯಂ. ಫ್ರಾನ್ಸಿನ ಜಾನ್ ನುವೆಲ್ ಕಟ್ಟಿದ್ದು, 2019ರಲ್ಲಿ ತೆರೆಯಿತು. ಇವರು ಕೇಳುತ್ತಿರುವುದು ಐ. ಎಂ. ಪೇ ಕಟ್ಟಿದ ಮ್ಯೂಸಿಯಂ ಬಗ್ಗೆ, 2008ರದ್ದು. ಎರಡೂ ಸಮುದ್ರದ ಅಂಚಿನಲ್ಲೇ ಇವೆ. ಅದಕ್ಕೇ ಎಲ್ಲರಿಗೂ ಗೊಂದಲ.

ನಾನು ಆರ್ಕಿಟೆಕ್ಟ್, ಸ್ವಲ್ಪ ಕೊರೆಯುತ್ತೇನೆ, ತಡೆದುಕೊಳ್ಳಿ. ಪ್ಯಾರಿಸ್‌ನ ಲೂವ್ರ್ ಮುಂದೆ ಗಾಜಿನ ಪಿರಮಿಡ್ ಕಟ್ಟಿದವರೂ ಈ ಪೇ ಅವರೇ. ಹುಟ್ಟಿದ್ದು ಚೀನಾದಲ್ಲಿ, ಬೆಳೆದ ಹೆಸರು ಅಮೆರಿಕದಲ್ಲಿ. ಕೆಲಸದಿಂದ ನಿವೃತ್ತಿಯಾಗಿದ್ದವರನ್ನು ಕತಾರ್‌ನವರು ಒಪ್ಪಿಸಿದರು. ಮ್ಯೂಸಿಯಂ ತೆರೆದಾಗ ಅವರಿಗೆ 91 ವರ್ಷ! ಇಸ್ಲಾಮಿಕ್ ಕಟ್ಟಡಗಳ ಬಗ್ಗೆ ತನಗೆ ಗೊತ್ತಿರುವುದು ಸಾಲದು ಅಂತ ತಿಂಗಳುಗಟ್ಟಲೆ ಊರೂರು ಸುತ್ತಿದರು. ಸ್ಪೇನ್, ಟುನೀಷಿಯಾ, ನಮ್ಮ ಫತೇಪುರ್ ಸಿಕ್ರಿಯೂ ಸೇರಿ. ಕೊನೆಗೆ ಮನಸ್ಸಿಗೆ ಹಿಡಿದದ್ದು ಕೈರೋದ ಇಬ್ನ್ ತುಲೂನ್ ಮಸೀದಿಯ ಅಂಗಳದಲ್ಲಿರುವ ಕೈಕಾಲು ತೊಳೆಯುವ ಕಾರಂಜಿಯ ಪುಟ್ಟ ಮಂಟಪ. ಚೌಕದ ಮೇಲೆ ಎಂಟು ಮೂಲೆ, ಅದರ ಮೇಲೆ ಗೋಳ. ಒಂದು ಅಲಂಕಾರ ಇಲ್ಲ. ಬಿಸಿಲು ತಿರುಗಿದಂತೆ ನೆರಳೇ ಅದರ ಅಲಂಕಾರ.

ಇನ್ನೊಂದು ಮಜಾ. ಊರೊಳಗೆ ಜಾಗ ಕೊಡುತ್ತೇವೆ ಅಂದಾಗ ಪೇ ಬೇಡ ಅಂದರು. ನಾಳೆ ಪಕ್ಕದಲ್ಲಿ ಯಾರಾದರೂ ಎತ್ತರದ ಕಟ್ಟಡ ಎಬ್ಬಿಸಿದರೆ? ಅದಕ್ಕೆ ಸಮುದ್ರಕ್ಕೆ ಮಣ್ಣು ತುಂಬಿ ದಡದಿಂದ ಸುಮಾರು 60 ಮೀಟರ್ ದೂರಕ್ಕೆ ಒಂದು ದ್ವೀಪವನ್ನೇ ಮಾಡಿಸಿಕೊಂಡರು. ನಮ್ಮಲ್ಲಿ ಸೈಟಿನ ಪಕ್ಕ ಅರ್ಧ ಅಡಿ ಸೆಟ್‌ಬ್ಯಾಕ್ ಬಿಡಿ ಅಂದರೆ ಜಗಳಕ್ಕೆ ಬರುತ್ತಾರೆ.

ಮಸಾಲೆ ಮಂಜ

ಸರಿ ಗುರುಗಳೇ, ತಪ್ಪಾಯ್ತು. ಪಿರಮಿಡ್‌ಗೂ ನಮಸ್ಕಾರ.

ನಗಾರಖಾನೆ

ಒಳಗೆ ಹೋದ ಮೇಲೆ ಉತ್ತರ ದಿಕ್ಕಿನ ಗಾಜು ನೋಡದೆ ಬರಬೇಡಿ. 45 ಮೀಟರ್ ಎತ್ತರದ ಒಂದೇ ಕಿಟಕಿ, ಹೊರಗೆ ಸಮುದ್ರ, ಆಚೆ ದಡದಲ್ಲಿ ವೆಸ್ಟ್ ಬೇ ಕಟ್ಟಡಗಳು. ಅಮ್ಮನಿಗೆ ಕಾಲು ನೋವಾದರೆ ಅಲ್ಲೇ ಕೂರಿಸಿ.

ಭಟ್ಕಳದ ಅಕ್ಕ

ತುಂಗಾತೀರ ಅವರೇ, ನಿಮ್ಮ ಅಮ್ಮನ ಪ್ರಶ್ನೆ ಓದಿ ನಗು ಬಂತು. ಯಾಕೆಂದರೆ ನನಗೂ ಅಲ್ಲಿ ಅದೇ ಆಗಿದ್ದು.

ನಾನು ನವಾಯತರ ಮನೆಯವಳು. ನಮ್ಮ ಮನೆಮಾತನ್ನೂ ಅರಬಿ ಅಕ್ಷರದಲ್ಲೇ ಬರೆಯುತ್ತೇವೆ. ಕುರಾನ್ ಚಿಕ್ಕಂದಿನಿಂದ ದಿನಾ ಓದಿದ್ದೇನೆ. ಕೆಲವು ಭಾಗ ಬಾಯಿಪಾಠ. ಆ ಧೈರ್ಯದಲ್ಲಿ ಯಜಮಾನರ ಮುಂದೆ ಜಂಬ ಕೊಚ್ಚಿಕೊಂಡು ಹೋದೆ, "ಬನ್ನಿ, ನಾನೇ ಓದಿ ಹೇಳ್ತೀನಿ" ಅಂತ. ನೀಲಿ ಕುರಾನ್ ಅನ್ನುವ ಹಳೇ ಹಸ್ತಪ್ರತಿಯ ಹಾಳೆಯ ಮುಂದೆ ನಿಂತರೆ ಒಂದು ಪದ ಬಿಡಿಸಲು ಆಗಲಿಲ್ಲ! ಐದು ನಿಮಿಷ ತಿಣುಕಿದ ಮೇಲೆ "ಅಲ್ಲಾಹ್" ಅನ್ನುವ ಪದ ಸಿಕ್ಕಿತು. ಅದನ್ನು ಹಿಡಿದುಕೊಂಡು ಅಕ್ಕಪಕ್ಕ ತಡಕಾಡಿ ಅರ್ಧ ಸಾಲು. ಯಜಮಾನರು ಇವತ್ತಿಗೂ ಅದನ್ನೇ ಹೇಳಿ ನಗುತ್ತಾರೆ.

ಹಾಗಾಗಿ ಅಮ್ಮನಿಗೆ ಹೇಳಿ, ಓದಲು ಬರುವವರಿಗೂ ಅದು ಓದಲು ಬರುವುದಿಲ್ಲ ಅಂತ.

ಹೊಸಪೇಟೆ ಹುಡುಗ

ಅಕ್ಕಾ, ಅದು ಹೇಗೆ? ಪಾಠ ಅದೇ ಅಲ್ವಾ? 1400 ವರ್ಷದಿಂದ ಬದಲಾಗಿಲ್ಲ ಅಂತಾರಲ್ಲ.

ಭಟ್ಕಳದ ಅಕ್ಕ

ಪಾಠ ಅದೇ. ಬರೆಯುವ ಬಗೆ ಬೇರೆ. ಆ ಹಾಳೆಯಲ್ಲಿ ಚುಕ್ಕಿಗಳೇ ಇಲ್ಲ ನೋಡಿ. ಅರಬಿಯಲ್ಲಿ ಬ, ತ, ನ, ಯ ಎಲ್ಲ ಪದದ ನಡುವೆ ಬಂದಾಗ ಒಂದೇ ಆಕಾರ. ಚುಕ್ಕಿ ಮೇಲಿದೆಯಾ ಕೆಳಗಿದೆಯಾ, ಎಷ್ಟಿದೆ ಅಂತ ನೋಡಿ ಗುರುತಿಸುವುದು. ಚುಕ್ಕಿ ತೆಗೆದುಬಿಟ್ಟರೆ ಎಲ್ಲವೂ ಒಂದು ಸಣ್ಣ ಹಲ್ಲು, ಅಷ್ಟೇ. ಸ್ವರದ ಗುರುತುಗಳೂ ಇಲ್ಲ. ಬಾಯಿಪಾಠ ಇದ್ದವರಿಗೆ ನೆನಪು ಮಾಡಿಕೊಡಲು ಬರೆದಂತೆ ಇರುತ್ತದೆ.

ಅಕ್ಷರ ಹುಚ್ಚ

ಭಟ್ಕಳದ ಅಕ್ಕ ಹೇಳಿದ್ದು ಸರಿ. ಅದರ ಹೆಸರು ಕೂಫಿ ಶೈಲಿ. ಇರಾಕ್‌ನ ಕೂಫಾ ಊರಿನಿಂದ ಬಂದ ಹೆಸರು. ಆದರೆ ಆ ಊರಿನಲ್ಲೇ ಹುಟ್ಟಿತು ಅಂತಲ್ಲ, ಮುಂದೆ ಹಲವು ಹಳೇ ಶೈಲಿಗಳಿಗೆ ಒಟ್ಟಾಗಿ ಅಂಟಿದ ಹೆಸರು.

ನೀಲಿ ಕುರಾನ್ ಬಗ್ಗೆ ನಾಲ್ಕು ಮಾತು. 9 ಅಥವಾ 10ನೇ ಶತಮಾನದ್ದು. ಚರ್ಮದ ಹಾಳೆ, ಅದಕ್ಕೆ ನೀಲಿ ಬಣ್ಣ, ಮೇಲೆ ಚಿನ್ನದ ಅಕ್ಷರ. ಪುಟಕ್ಕೆ 15 ಸಾಲು. ಪುಟ ಉದ್ದಕ್ಕಿಂತ ಅಗಲ ಜಾಸ್ತಿ, ಹೆಚ್ಚುಕಡಿಮೆ 28 ಸೆಂ.ಮೀ. ಎತ್ತರ, 38 ಸೆಂ.ಮೀ. ಅಗಲ. ವಾಕ್ಯ ಮುಗಿದಲ್ಲಿ ಬೆಳ್ಳಿಯ ಹೂವಿನ ಗುರುತು ಇತ್ತು, ಬೆಳ್ಳಿ ಕಪ್ಪಾಗಿ ಈಗ ಕಷ್ಟಪಟ್ಟು ಹುಡುಕಬೇಕು. ಚಿನ್ನ ಮಾತ್ರ ನಿನ್ನೆ ಬರೆದಂತಿದೆ. ಒಂದೇ ಪುಸ್ತಕದ ಹಾಳೆಗಳು ಈಗ ಬೇರೆ ಬೇರೆ ದೇಶಗಳಲ್ಲಿ ಚದುರಿಹೋಗಿವೆ. ಜಾಸ್ತಿ ಇರುವುದು ಟುನೀಷಿಯಾದಲ್ಲಿ.

ಸಾಲಿನ ಕೊನೆ ನೋಡಲು ಅಮ್ಮನಿಗೆ ಹೇಳಿ. ಜಾಗ ಸಾಲದೆ ಹೋದರೆ ಪದವನ್ನೇ ಮುರಿದು ಮುಂದಿನ ಸಾಲಿಗೆ ಹಾಕಿದ್ದಾರೆ. ಜಾಗ ಜಾಸ್ತಿ ಇದ್ದರೆ ಒಂದು ಅಕ್ಷರವನ್ನು ರಬ್ಬರಿನಂತೆ ಎಳೆದಿದ್ದಾರೆ. ಎಡಕ್ಕೂ ಬಲಕ್ಕೂ ಅಂಚು ಗೆರೆ ಹೊಡೆದಂತೆ ನೇರ ಬರಬೇಕು, ಅದೇ ಅವರ ಹಠ.

ಹೊಸಪೇಟೆ ಹುಡುಗ

ಅದು ಬಾಗ್ದಾದ್‌ನಲ್ಲಿ ಖಲೀಫರು ಬರೆಸಿದ್ದು ಅಂತ ಒಂದು ವಿಡಿಯೋದಲ್ಲಿ ನೋಡಿದೆ.

ಅಕ್ಷರ ಹುಚ್ಚ

ಆ ವಿಡಿಯೋದವರು ಖಚಿತವಾಗಿ ಹೇಳಿದ್ದರೆ ಅದೇ ತಪ್ಪು. ಟುನೀಷಿಯಾದ ಕೈರವಾನ್ ಅನ್ನುವವರು ಜಾಸ್ತಿ. ಕಾರ್ಡೋಬಾ ಅನ್ನುವವರೂ ಇದ್ದಾರೆ, ಬಾಗ್ದಾದ್ ಅನ್ನುವವರೂ ಇದ್ದಾರೆ. ಬರೆದವನ ಹೆಸರು, ಊರು, ವರ್ಷ ಇರುವ ಕೊನೆಯ ಹಾಳೆ ಸಿಕ್ಕಿಲ್ಲ. ಸಿಗುವವರೆಗೂ ಜಗಳ ನಡೆಯುತ್ತಲೇ ಇರುತ್ತದೆ.

ಖಡಕ್ ಮಾತು

ನಮ್ಮ ಊರಿನ ಶಾಸನ ಮಳೆಯಲ್ಲಿ ನೆನೆದು ಬಿದ್ದಿದೆ, ಅದನ್ನು ನೋಡಲು ಯಾರೂ ಇಲ್ಲ. ದುಡ್ಡು ಖರ್ಚು ಮಾಡಿ ಅರಬರ ಪುಸ್ತಕ ನೋಡಲು ಹೋಗಬೇಕಾ? ಮೊದಲು ನಮ್ಮದು ನೋಡಿ.

ಕಾರ್ನಿಶ್ ವಾಕರ್

ಅವರು ಹೋಗುತ್ತಿರುವುದು ಅಣ್ಣನ ಮನೆಗೆ ಸ್ವಾಮಿ. ಮ್ಯೂಸಿಯಂ ದಾರಿಯಲ್ಲಿ ಸಿಗುತ್ತದೆ.

ಮೂಡುಬಿದಿರೆ ಮಾಣಿ

ಖಡಕ್ ಅವರೇ, ನಮ್ಮದನ್ನೂ ನೋಡಿದ್ದೇನೆ, ಅಲ್ಲಿಯದನ್ನೂ ನೋಡಿದ್ದೇನೆ. ನಮ್ಮ ಮೂಡುಬಿದಿರೆ ಜೈನ ಮಠದ ಧವಲಾ ಅನ್ನುವ ಜೈನ ಗ್ರಂಥದ ಓಲೆಗರಿ ಗೊತ್ತಲ್ವಾ, 12ನೇ ಶತಮಾನದ್ದು. ಬಣ್ಣದ ಚಿತ್ರಗಳೂ ಇವೆ. ಲಿಪಿ ಕನ್ನಡ, ಭಾಷೆ ಪ್ರಾಕೃತ. ಅದರಲ್ಲಿ ನಿಮಗೆ ಎಷ್ಟು ಓದಲು ಬರುತ್ತದೆ ಹೇಳಿ? ನನಗಂತೂ ಸೊನ್ನೆ. ಹಳೇ ಓಲೆಗಳಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಎ, ಏ ಎರಡಕ್ಕೂ ಒಂದೇ ಗುರುತು. ಚುಕ್ಕಿ ಇಲ್ಲದ ಅರಬಿಗೂ ಇದಕ್ಕೂ ಏನು ಮಹಾ ವ್ಯತ್ಯಾಸ? ಓದಿದ ಮನುಷ್ಯನಿಗೆ ಮೊದಲೇ ಪಾಠ ಗೊತ್ತಿರುತ್ತಿತ್ತು, ಅಷ್ಟೇ.

ಒಂದು ವ್ಯತ್ಯಾಸ ಇದೆ ಮಾರಾಯ್ರೆ. ನಮ್ಮವರು ಕಂಠ ಅನ್ನುವ ಚೂಪು ಮೊನೆಯ ಕಡ್ಡಿಯಿಂದ ಕೊರೆದರು, ಆಮೇಲೆ ಮಸಿ ಸವರಿ ಒರೆಸಿದರು. ಕೊರೆಯುವಾಗ ಓಲೆ ಹರಿಯಬಾರದು ಅಂತ ಅಕ್ಷರ ದುಂಡಗಾಯಿತು ಅಂತಾರೆ. ಅವರದ್ದು ಜೊಂಡಿನ ಲೇಖನಿ, ತುದಿ ಓರೆಯಾಗಿ ಕತ್ತರಿಸಿದ್ದು. ಅದಕ್ಕೇ ಒಂದು ಕಡೆ ದಪ್ಪ, ಒಂದು ಕಡೆ ಸಪೂರ.

ಖಡಕ್ ಮಾತು

ಧವಲಾ ಬಗ್ಗೆ ಹೇಳಿದ್ದು ಒಪ್ಪಿದೆ. ಆದರೂ ನನ್ನ ಮಾತು ನನ್ನದೇ.

ವಿಜಾಪುರ ಮಂದಿ

ನಮ್ಮದು ನೋಡಿ ಅಂದ್ರಲ್ಲ ಖಡಕ್ ಸಾಹೇಬರು, ಬರ್ರಿ ನಮ್ಮ ಊರಿಗೆ. ಇದೂ ನಮ್ಮದೇ ಅದ.

ಎಲ್ಲರೂ ಗೋಳಗುಮ್ಮಟದಾಗ ಕೂಗಿ, ಪ್ರತಿಧ್ವನಿ ಕೇಳಿ, ಬಸ್ ಹತ್ತಿ ಹೋಗಿಬಿಡ್ತಾರೆ. ಮುಂದೇ ಇರುವ ನಗಾರಖಾನೆಯಲ್ಲಿ ಮ್ಯೂಸಿಯಂ ಇದೆ, 1892ರಿಂದ. ಅರಬಿ, ಪಾರ್ಸಿ ಶಾಸನ, ಹಸ್ತಪ್ರತಿ, ಕುರಾನ್, ಹಳೇ ಜಮಖಾನೆ ಎಲ್ಲ ಇವೆ. ಒಳಗೆ ಹೋದರೆ ಫ್ಯಾನಿನ ಸದ್ದು ಬಿಟ್ಟರೆ ನೀವೊಬ್ಬರೇ.

ಇಬ್ರಾಹಿಂ ರೋಜಾ ನೋಡ್ರಿ. ಕಿಟಕಿಯ ಮೇಲೆ ಕಲ್ಲಿನ ಜಾಲಂಧ್ರ ಅಂದುಕೊಂಡು ಹತ್ತಿರ ಹೋದರೆ ಅದು ಜಾಲಂಧ್ರ ಅಲ್ಲ, ಅಕ್ಷರ! ಅರಬಿ ಅಕ್ಷರವನ್ನೇ ಕೊರೆದು ಕಿಟಕಿ ಮಾಡಿದ್ದಾರೆ. ಅಕ್ಷರದ ಸಂದಿಯಿಂದ ಬೆಳಕು ಒಳಗೆ ಬರುತ್ತದೆ. ಕಟ್ಟಿಸಿದ ಇಬ್ರಾಹಿಂ ಆದಿಲ್ ಶಾಹನಿಗೆ ಅಕ್ಷರದ ಹುಚ್ಚು ಎಷ್ಟಿತ್ತು ಅಂದರೆ, ಅವನ ಕಿತಾಬ್-ಎ-ನೌರಸ್ ಹಾಡುಗಳನ್ನು ಖಲೀಲುಲ್ಲಾ ಅನ್ನುವ ಲಿಪಿಕಾರ ಚೆಂದಾಗಿ ಬರೆದು 1618ರಲ್ಲಿ ತಂದುಕೊಟ್ಟಾಗ "ಲೇಖನಿಯ ಬಾದಶಹ" ಅಂತ ಬಿರುದು ಕೊಟ್ಟ. ಆ ಪುಸ್ತಕದಲ್ಲಿ ಸರಸ್ವತಿಗೂ ಗಣಪತಿಗೂ ವಂದನೆ ಇದೆ.

ಖಡಕ್ ಮಾತು

ಸರಸ್ವತಿ ಇರುವುದು ಗೊತ್ತಿರಲಿಲ್ಲ. ಬರ್ತೀನಿ ವಿಜಾಪುರಕ್ಕೆ. ರೊಟ್ಟಿ ನಿಮ್ಮ ಲೆಕ್ಕ.

ವಿಜಾಪುರ ಮಂದಿ

ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು. ಬರ್ರಿ.

ಒಂದು ಸಂಕಟದ ಮಾತೂ ಹೇಳಿಬಿಡ್ತೀನಿ. ಆದಿಲ್ ಶಾಹಿ ಅರಮನೆಯ ಪುಸ್ತಕಗಳಲ್ಲಿ ಅಸರ್ ಮಹಲಿನಲ್ಲಿ ಉಳಿದಿದ್ದವನ್ನು 19ನೇ ಶತಮಾನದಲ್ಲಿ ಬ್ರಿಟಿಷರು ಲಂಡನ್ನಿಗೆ ಕಳಿಸಿದರು. ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ನಮ್ಮ ಊರಿನ ಪುಸ್ತಕ ನೋಡಲು ನಮಗೇ ವೀಸಾ ಬೇಕು.

ಬೀದರ ಬಿಸಿಲು

ವಿಜಾಪುರದವರು ಮಾತಾಡಿದ ಮೇಲೆ ಬೀದರ್ ಸುಮ್ಮನಿರಲು ಆಗುತ್ತಾ? ಮಹಮೂದ್ ಗವಾನ್ ಮದರಸಾ, 1472. ಗೋಡೆಯ ಬಣ್ಣದ ಹೆಂಚಿನ ಮೇಲೆ ಉಳಿದಿರುವ ಅಕ್ಷರದ ಪಟ್ಟಿ ನೋಡಿ. ಸಿಡಿಲು, ಸಿಡಿಮದ್ದು ಎಲ್ಲ ತಿಂದು ಅರ್ಧ ಗೋಡೆ ಹೋಗಿದೆ. ಉಳಿದಷ್ಟೇ ಸಾಕು, ಇದು ಇರಾನಿನಲ್ಲಿ ಇರಬೇಕಾದದ್ದು ಅನಿಸುತ್ತದೆ.

ಬಿದರಿ ಕೆಲಸ ಲಂಡನ್ ಮ್ಯೂಸಿಯಂನಲ್ಲೂ ಇದೆ, ನ್ಯೂಯಾರ್ಕ್‌ನಲ್ಲೂ ಇದೆ. ಸತು ಜಾಸ್ತಿ, ತಾಮ್ರ ಸ್ವಲ್ಪ. ಬೆಳ್ಳಿ ತಂತಿ ಕೂರಿಸಿ, ಕೊನೆಗೆ ನವಸಾಗರದ ಜೊತೆ ನಮ್ಮ ಕೋಟೆಯ ಹಳೇ ಮಣ್ಣು ಹಾಕಿ ಕುದಿಸಿದ ನೀರಿನಲ್ಲಿ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿಸಿಲು, ಮಳೆ ತಾಗದ ಜಾಗದ ಮಣ್ಣೇ ಆಗಬೇಕು. ಕುಶಲಕರ್ಮಿಗಳು ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ, ನಾನೇ ನೋಡಿದ್ದೇನೆ.

ಮಸಾಲೆ ಮಂಜ

ಮಣ್ಣು ತಿಂದು ನೋಡೋದಾ?! ದೋಹಾದಿಂದ ಶುರುವಾದ ಚರ್ಚೆ ಬೀದರ್ ಕೋಟೆಯ ಮಣ್ಣಿಗೆ ಬಂತು.

ಮನಾಮ ಮಧ್ಯಾಹ್ನ

ಬಹರೈನ್‌ನಿಂದ ನಾನೂ ಒಂದು ಸೇರಿಸುತ್ತೇನೆ. ಬರೀ ಕುರಾನ್ ನೋಡುವುದಾದರೆ ನಮ್ಮ ಮನಾಮದ ಬೈತುಲ್ ಕುರಾನ್‌ಗೆ ಬನ್ನಿ. 1990ರಲ್ಲಿ ತೆರೆದದ್ದು, ಚಿಕ್ಕದು, ಗದ್ದಲ ಇಲ್ಲ. ಒಂದು ಅಕ್ಕಿ ಕಾಳಿನ ಮೇಲೆ ಇಡೀ ಕುರಾನ್ ಬರೆದಿರುವುದನ್ನು ಭೂತಗನ್ನಡಿಯಲ್ಲಿ ತೋರಿಸುತ್ತಾರೆ!

ಅಕ್ಷರ ಹುಚ್ಚ

ಇಡೀ ಕುರಾನ್ ಅಲ್ಲ ಸರ್. ಕುರಾನಿನಲ್ಲಿ 114 ಅಧ್ಯಾಯ, 6000ಕ್ಕೂ ಜಾಸ್ತಿ ವಾಕ್ಯ. ಅಕ್ಕಿ ಕಾಳು ಪಾಪ ಎಷ್ಟು ಹೊತ್ತೀತು? ಅಲ್ಲಿ ಕಾಳುಗಳ ಮೇಲೆ ಇರುವುದು ಸಣ್ಣ ಭಾಗಗಳು.

ಚಿಕ್ಕದು ಅಂದಾಗ ಒಂದು ಕಥೆ. ತೈಮೂರನ ಕಾಲದಲ್ಲಿ ಉಮರ್ ಅಕ್ತಾ ಅಂತ ಒಬ್ಬ ಲಿಪಿಕಾರ. ಉಂಗುರದ ಕೆಳಗೆ ಹಿಡಿಸುವಷ್ಟು ಪುಟ್ಟ ಕುರಾನ್ ಬರೆದು ತೈಮೂರನಿಗೆ ಕೊಟ್ಟನಂತೆ. ತೈಮೂರ ಮೂಸಿಯೂ ನೋಡಲಿಲ್ಲ. ಇವನು ಸಿಟ್ಟಿನಿಂದ ಹೋಗಿ ಎಷ್ಟು ದೊಡ್ಡದು ಬರೆದನೆಂದರೆ ಗಾಡಿಯಲ್ಲಿ ಹೇರಿಕೊಂಡು ಬರಬೇಕಾಯಿತಂತೆ. ಆಗ ತೈಮೂರ ತಾನೇ ಬಾಗಿಲಿಗೆ ಬಂದು ಕರೆದುಕೊಂಡನಂತೆ. ಕಥೆಯಲ್ಲಿ ಮಸಾಲೆ ಎಷ್ಟೋ, ಅವನ ಹೆಸರಿಗೆ ಅಂಟಿಸುವ ಆಳೆತ್ತರದ ಹಾಳೆಗಳಂತೂ ಇವತ್ತಿಗೂ ಮ್ಯೂಸಿಯಂಗಳಲ್ಲಿವೆ.

ಮನಾಮ ಮಧ್ಯಾಹ್ನ

ಸರಿ ಸರಿ, ಸಣ್ಣ ಭಾಗ. ನನ್ನ ಕಣ್ಣಿಗೆ ಭೂತಗನ್ನಡಿಯಲ್ಲೂ ಕಾಣಲಿಲ್ಲ ಅನ್ನುವುದು ನಿಜ.

ಲ್ಯಾಬ್ ಕೋಟು

ಸಿಕ್ಕಿರುವ ಅತಿ ಹಳೇ ಕುರಾನ್ ಹಾಳೆಗಳಲ್ಲಿ ಒಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದೆ. 2015ರಲ್ಲಿ ಚರ್ಮದ ವಯಸ್ಸು ತಿಳಿಯುವ ಇಂಗಾಲದ ಪರೀಕ್ಷೆ ಮಾಡಿಸಿ ಪ್ರಕಟಿಸಿದರು. 568ರಿಂದ 645ರ ನಡುವೆ ಬರೆದದ್ದು ಅಂತ ಬಂತು. ಅಂದರೆ ಪ್ರವಾದಿಯವರ ಕಾಲಕ್ಕೇ ಹೋಗುತ್ತದೆ.

ಅಕ್ಷರ ಹುಚ್ಚ

ಬರೆದದ್ದು ಅಲ್ಲ! ಪರೀಕ್ಷೆ ಹೇಳುವುದು ಆ ಕುರಿಯೋ ಮೇಕೆಯೋ ಯಾವಾಗ ಸತ್ತಿತು ಅಂತ. ಶಾಯಿ ಯಾವಾಗ ಬಿತ್ತು ಅಂತ ಅದು ಹೇಳುವುದಿಲ್ಲ. ಶೇಕಡ 95ರ ಖಚಿತತೆ ಅನ್ನುವುದನ್ನೂ ಬಿಟ್ಟಿರಿ.

ಲ್ಯಾಬ್ ಕೋಟು

ಚರ್ಮ ಹದ ಮಾಡಿ 50 ವರ್ಷ ಅಟ್ಟದ ಮೇಲೆ ಇಟ್ಟುಕೊಳ್ಳುತ್ತಾರಾ? ಅಷ್ಟು ದುಬಾರಿ ಸಾಮಾನು. ತಂದಕೂಡಲೇ ಬರೆಯುತ್ತಾರೆ.

ಅಕ್ಷರ ಹುಚ್ಚ

ದುಬಾರಿ ಅನ್ನುವುದಕ್ಕೇ ತೊಳೆದು ಮತ್ತೆ ಬರೆಯುತ್ತಿದ್ದರು. ಯೆಮನ್‌ನ ಸನಾ ಊರಿನ ದೊಡ್ಡ ಮಸೀದಿಯಲ್ಲಿ 1972ರಲ್ಲಿ ರಿಪೇರಿ ಮಾಡುವಾಗ ಹಳೇ ಹಾಳೆಗಳ ರಾಶಿ ಸಿಕ್ಕಿತಲ್ಲ, ಅದರಲ್ಲಿ ಒಂದು ಹಾಗೇ ಇದೆ. ಕೆಳಗೆ ಒಂದು ಬರಹ, ಅದನ್ನು ಅಳಿಸಿ ಮೇಲೆ ಇನ್ನೊಂದು. ಎರಡೂ ಕುರಾನೇ. ಕಾಲ ಕಳೆದಂತೆ ಅಳಿಸಿದ ಶಾಯಿ ಕಂದು ಬಣ್ಣದಲ್ಲಿ ಮತ್ತೆ ಮೇಲೆದ್ದಿದೆ. ಬರ್ಮಿಂಗ್‌ಹ್ಯಾಮ್ ಹಾಳೆಯನ್ನು ಹಾಗೆ ತೊಳೆದಿದ್ದರು ಅಂತ ನಾನು ಹೇಳುತ್ತಿಲ್ಲ. ಚರ್ಮದ ವರ್ಷವೇ ಬರಹದ ವರ್ಷ ಅನ್ನಬೇಡಿ, ಅಷ್ಟೇ.

ಲ್ಯಾಬ್ ಕೋಟು

ಅಷ್ಟು ಒಪ್ಪಿದೆ. ಆದರೂ ತುಂಬಾ ಹಳೇದು.

ಅಕ್ಷರ ಹುಚ್ಚ

ತುಂಬಾ ಹಳೇದು. ಅದರಲ್ಲಿ ಜಗಳ ಇಲ್ಲ.

ಹೊಸಪೇಟೆ ಹುಡುಗ

ಮಸೀದಿಯ ಮಾಳಿಗೆಯಲ್ಲಿ ರಾಶಿ ಹಾಕಿ ಇಟ್ಟಿದ್ದು ಯಾಕೆ? ಬಚ್ಚಿಟ್ಟಿದ್ದಾ?

ಭಟ್ಕಳದ ಅಕ್ಕ

ಬಚ್ಚಿಟ್ಟಿದ್ದಲ್ಲ ತಮ್ಮಾ. ಹರಿದುಹೋದ ಕುರಾನ್ ಹಾಳೆಯನ್ನು ನಾವು ಕಸಕ್ಕೆ ಹಾಕುವುದಿಲ್ಲ. ಬಟ್ಟೆಯಲ್ಲಿ ಕಟ್ಟಿ ಎತ್ತಿಡುತ್ತೇವೆ. ಆಮೇಲೆ ಕಾಲು ತುಳಿಯದ ಕಡೆ ಹೂಳುತ್ತಾರೆ. ನಮ್ಮ ಅಜ್ಜಿಯ ಮನೆಯಲ್ಲಿ ಅದಕ್ಕೇ ಒಂದು ಮರದ ಪೆಟ್ಟಿಗೆ ಇತ್ತು.

ತುಂಗಾತೀರ

ನಮ್ಮ ಕಡೆಯೂ ಹೀಗೇ ಅಲ್ವಾ ಅಕ್ಕ. ತಾತ ತೀರಿಕೊಂಡ ಮೇಲೆ ಅಟ್ಟದಲ್ಲಿದ್ದ ಓಲೆಗರಿಯ ಕಟ್ಟನ್ನು ಹೊಳೆಗೆ ಬಿಟ್ಟರು. ಭಕ್ತಿಯಿಂದಲೇ ಬಿಟ್ಟಿದ್ದು. ಅದರಲ್ಲಿ ಏನಿತ್ತು ಅಂತ ಬಿಡುವ ಮುಂಚೆ ಯಾರೂ ಓದಿಸಲಿಲ್ಲ. ಅಮ್ಮನಿಗೆ ಆಗ 12 ವರ್ಷ, ಈಗಲೂ ಹೇಳುತ್ತಾರೆ.

ಮೂಡುಬಿದಿರೆ ಮಾಣಿ

ಅಯ್ಯೋ.

ಗಾಜಿನ ಪೆಟ್ಟಿಗೆ

ತಡವಾಗಿ ಬಂದೆ. ಇಲ್ಲಿನ ಒಂದು ಮ್ಯೂಸಿಯಂನಲ್ಲಿ ಕಾಗದ, ಓಲೆ ಕಾಪಾಡುವ ಕೆಲಸ ನನ್ನದು. ಒಂದು ದೂರು ಪ್ರತಿ ಸಲ ಕೇಳುತ್ತೇನೆ: "ಎಷ್ಟು ಕತ್ತಲೆ, ಲೈಟ್ ಹಾಕಬಾರದಾ?" ಬೇಕಂತಲೇ ಹಾಕುವುದಿಲ್ಲ. ಬೆಳಕಿನ ಪೆಟ್ಟು ಶಾಯಿಗೂ ಬಣ್ಣಕ್ಕೂ ದಿನದಿನವೂ ಸೇರಿಕೊಳ್ಳುತ್ತಾ ಹೋಗುತ್ತದೆ, ಮತ್ತೆ ವಾಪಸ್ ಬರುವುದಿಲ್ಲ. ಹಸ್ತಪ್ರತಿಗೆ ಸಾಮಾನ್ಯವಾಗಿ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು ಅಂತ ಲೆಕ್ಕ. ಅದೇ ಕಾರಣಕ್ಕೆ ಹಾಳೆಗಳನ್ನು ಆಗಾಗ ಒಳಗೆ ಇಟ್ಟು ಬೇರೆಯದನ್ನು ಹೊರಗೆ ಇಡುತ್ತಾರೆ. ಹಾಗಾಗಿ ಯಾವುದೋ ಒಂದು ಹಾಳೆಯನ್ನೇ ನೋಡಬೇಕು ಅಂತ ಹೋಗಬೇಡಿ, ನಿರಾಸೆ ಆಗಬಹುದು. ಒಳಗೆ ಹೋದ ಮೇಲೆ ಐದು ನಿಮಿಷ ಸುಮ್ನೆ ನಿಲ್ಲಿ. ಕಣ್ಣು ಹೊಂದಿಕೊಂಡ ಮೇಲೆ ಚಿನ್ನ ತಾನಾಗಿ ಹೊಳೆಯುತ್ತದೆ. ಫ್ಲ್ಯಾಷ್ ಹಾಕಿದರೆ ನಾನೇ ಬಂದು ಬೈಯುತ್ತೇನೆ.

ಚರ್ಮದ ಹಾಳೆಗಳನ್ನು ನೋಡುವಾಗ ಮೇಲ್ಮೈ ಗಮನಿಸಿ. ಕೂದಲಿದ್ದ ಕಡೆ ಸ್ವಲ್ಪ ಹಳದಿ, ಮಾಂಸದ ಕಡೆ ಬೆಳ್ಳಗೆ. ಕೆಲವು ಕಡೆ ರೋಮದ ಚುಕ್ಕಿಗಳೂ ಕಾಣುತ್ತವೆ. ಮುಂದೆ ಕಾಗದ ಬಂದ ಮೇಲೆ ಎಲ್ಲ ಬದಲಾಯಿತು. ಅಕ್ಷರ ಸಣ್ಣದಾಯಿತು, ದುಂಡಗಾಯಿತು, ಪುಟ ಎತ್ತರವಾಯಿತು.

ಅಕ್ಷರ ಹುಚ್ಚ

ಆ ದುಂಡಗಿನ ಅಕ್ಷರಕ್ಕೆ ಲೆಕ್ಕ ಹಾಕಿಕೊಟ್ಟವನು ಇಬ್ನ್ ಮುಕ್ಲಾ. ಬಾಗ್ದಾದ್‌ನಲ್ಲಿ ಮೂವರು ಖಲೀಫರಿಗೆ ಮಂತ್ರಿಯಾಗಿದ್ದವನು. ಲೇಖನಿಯ ತುದಿ ಒತ್ತಿದರೆ ಬರುವ ಓರೆ ಚೌಕದ ಚುಕ್ಕಿಯೇ ಅಳತೆ. ಅರಬಿಯ ಮೊದಲ ಅಕ್ಷರ ಅಲಿಫ್ ಎಷ್ಟು ಚುಕ್ಕಿ ಉದ್ದ ಅಂತ ಮೊದಲು ಗೊತ್ತುಮಾಡಿ, ಉಳಿದ ಅಕ್ಷರಗಳೆಲ್ಲ ಅದರ ಲೆಕ್ಕದಲ್ಲೇ. ರಾಜಕೀಯದಲ್ಲಿ ಸಿಕ್ಕಿಬಿದ್ದು ಬಲಗೈ ಕಡಿಸಿಕೊಂಡ, ಜೈಲಿನಲ್ಲೇ 940ರಲ್ಲಿ ಸತ್ತ. ಮೊಂಡುಗೈಗೆ ಲೇಖನಿ ಕಟ್ಟಿಕೊಂಡು ಬರೆಯುತ್ತಿದ್ದ ಅಂತ ಕಥೆ ಹೇಳುತ್ತಾರೆ.

ನಮ್ಮ ದೇಶದ್ದೇ ಒಂದು ಶೈಲಿಯೂ ಇದೆ, ಬಿಹಾರಿ ಅಂತ ಹೆಸರು. ದೆಹಲಿ ಸುಲ್ತಾನರ ಕಾಲದಿಂದ ಮೊಗಲರು ಬರುವವರೆಗೆ ಕುರಾನ್ ಬರೆಯಲು ಬಳಸಿದ್ದು. 1399ರಲ್ಲಿ ಗ್ವಾಲಿಯರ್‌ನಲ್ಲಿ ಬರೆದದ್ದು ಈಗ ಟೊರಾಂಟೋದ ಆಗಾ ಖಾನ್ ಮ್ಯೂಸಿಯಂನಲ್ಲಿದೆ. ಚಿನ್ನ, ನೀಲಿ, ಕೆಂಪು ಸಾಲುಗಳು. ಬಣ್ಣ ನೋಡಿದರೆ ನಮ್ಮ ಜಾತ್ರೆ ನೆನಪಾಗುತ್ತದೆ.

ಕಾರ್ನಿಶ್ ವಾಕರ್

ಹಸ್ತಪ್ರತಿ ಹಸ್ತಪ್ರತಿ ಅಂತ ಉಳಿದದ್ದು ಮರೆಯಬೇಡಿ. ಷಾಜಹಾನನ ಬಿಳಿ ಜೇಡ್ ಕಲ್ಲಿನ ತಾಯಿತ ಕೇಳಿ ನೋಡಿ. ಎದೆ ಡವಗುಟ್ಟುವುದಕ್ಕೆ ಕಟ್ಟಿಕೊಳ್ಳುತ್ತಿದ್ದದ್ದು, ಕುರಾನ್ ವಾಕ್ಯ ಕೊರೆದಿದೆ. ಅದರ ಮೇಲಿನ ಹಿಜರಿ ವರ್ಷ ನಮ್ಮ ಲೆಕ್ಕಕ್ಕೆ 1631-32. ಮುಮ್ತಾಜ್ ಸತ್ತದ್ದು 1631ರ ಜೂನ್‌ನಲ್ಲಿ. ನಾನು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಕಾರ್ಡೋಬಾದ ಕಂಚಿನ ಜಿಂಕೆಯೂ ಇದೆ, 10ನೇ ಶತಮಾನದ್ದು, ಬಾಯಿಯಿಂದ ನೀರು ಬರುತ್ತಿದ್ದ ಕಾರಂಜಿ.

ಮಸಾಲೆ ಮಂಜ

ಇಸ್ಲಾಮಿನಲ್ಲಿ ಪ್ರಾಣಿ, ಮನುಷ್ಯರ ಚಿತ್ರ ಇಲ್ಲ ಅಂತ ಕೇಳಿದ್ದೆ?

ಭಟ್ಕಳದ ಅಕ್ಕ

ಕುರಾನ್ ಪುಸ್ತಕದಲ್ಲಿ, ಮಸೀದಿಯಲ್ಲಿ ಇಲ್ಲ. ರಾಜರ ಮನೆಯ ಕಥೆಪುಸ್ತಕದಲ್ಲಿ, ಬಟ್ಟಲಿನಲ್ಲಿ, ಜಮಖಾನೆಯಲ್ಲಿ ಬೇಕಾದಷ್ಟು ಇವೆ. ಎರಡೂ ಅಕ್ಕಪಕ್ಕದ ಕೋಣೆಯಲ್ಲಿ ಇಟ್ಟಿದ್ದಾರೆ, ನೋಡಿದರೆ ತಾನಾಗಿ ಅರ್ಥ ಆಗುತ್ತದೆ.

ತುಂಗಾತೀರ

ಹೋಗಿಬಂದೆವು! ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಎರಡು ಗಂಟೆ ಸಾಕು ಅಂದುಕೊಂಡಿದ್ದೆ. ನಾಲ್ಕೂವರೆ ಗಂಟೆ ಆಯಿತು. ಬೇಗ ಸುಸ್ತಾದವಳು ನಾನು, ಅಮ್ಮ ಅಲ್ಲ. ಒಳಗೆ ಹೋಗಿ, ಗಾಜಿನ ಪೆಟ್ಟಿಗೆ ಅವರು ಹೇಳಿದಂತೆ ಐದು ನಿಮಿಷ ಸುಮ್ಮನೆ ನಿಂತೆವು. ನೀಲಿ ಹಾಳೆ ಇತ್ತು. ಅಮ್ಮ ಮೊದಲು ಮಾಡಿದ್ದು ಸಾಲು ಎಣಿಸಿದ್ದು. "ಹದಿನೈದು, ಸರಿಯಾಗಿದೆ" ಅಂದರು, ಹಾಜರಿ ತೆಗೆದುಕೊಂಡ ಹಾಗೆ. ಆಮೇಲೆ ಸಾಲಿನ ಕೊನೆಗಳನ್ನೇ ನೋಡುತ್ತಾ ನಿಂತರು. ಪದ ಮುರಿದು ಕೆಳಗೆ ಹಾಕಿದ್ದಕ್ಕೆ ಮಕ್ಕಳಿಗೆ ಎಷ್ಟು ಬೈದಿದ್ದೆ ಅಂತ ಪೇಚಾಡಿಕೊಂಡರು.

ಮುಂದೆ ಎಲ್ಲ ಹಾಳೆಗಳಲ್ಲೂ ಅವರು ಹುಡುಕಿದ್ದು ಒಂದೇ: ಕಾಟು. ಎಲ್ಲಿ ತಪ್ಪಿದ್ದಾನೆ, ಎಲ್ಲಿ ತಿದ್ದಿದ್ದಾನೆ! ಅಷ್ಟು ಬರೆದ ಮೇಲೆ ಒಂದಾದರೂ ತಪ್ಪು ಇರಲೇಬೇಕು ಅನ್ನುವುದು ಅವರ ವಾದ. ಕೊನೆಗೆ ಒಂದು ಕಾಗದದ ಕುರಾನಿನಲ್ಲಿ ಸಿಕ್ಕಿತು ಅಂತ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋದರು. ಪುಟದ ಅಂಚಿನಲ್ಲಿ, ಸಾಲಿನ ಹೊರಗೆ, ಒಂದು ಪುಟ್ಟ ಪದ. ಸುತ್ತ ಚಿನ್ನದ ವೃತ್ತ, ಎಲೆ ಬಳ್ಳಿ. "ನೋಡು, ಬರೆಯುವಾಗ ಬಿಟ್ಟುಹೋಗಿದೆ, ಆಮೇಲೆ ಸೇರಿಸಿದ್ದಾನೆ. ತಪ್ಪು ಕಾಣಬಾರದು ಅಂತ ಹೂವು ಬಿಡಿಸಿದ್ದಾನೆ ಕಳ್ಳ" ಅಂದರು. ಫ್ಲ್ಯಾಷ್ ಇಲ್ಲದೆ ಫೋಟೋ ತೆಗೆದಿದ್ದೇನೆ, ಕೆಳಗೆ ಹಾಕಿದ್ದೇನೆ. ಭಟ್ಕಳದ ಅಕ್ಕ, ಏನು ಬರೆದಿದೆ ಹೇಳ್ತೀರಾ? ಇದಕ್ಕಾದರೂ ಚುಕ್ಕಿ ಇದೆ 😀

ಭಟ್ಕಳದ ಅಕ್ಕ

ಇದು ಓದಲು ಬಂತು! ಅಮ್ಮನಿಗೆ ಹೇಳಿ, ಅದು ಬಿಟ್ಟುಹೋದ ಪದ ಅಲ್ಲ. "ಸಜ್ದಾ" ಅಂತ ಬರೆದಿದೆ. ಕುರಾನ್ ಓದುತ್ತಾ ಕೆಲವು ಜಾಗಕ್ಕೆ ಬಂದಾಗ ಓದುವುದು ನಿಲ್ಲಿಸಿ, ಹಣೆ ನೆಲಕ್ಕೆ ಮುಟ್ಟಿಸಿ ಸಜ್ದಾ ಮಾಡಬೇಕು. ಅಂಥ ಜಾಗ ಬಂತು ಅಂತ ಓದುವವರಿಗೆ ಅಂಚಿನಲ್ಲಿ ಗುರುತು. ನನ್ನ ಮನೆಯ ಅಚ್ಚು ಪುಸ್ತಕದಲ್ಲೂ ಅದೇ ಜಾಗದಲ್ಲಿ ಇರುತ್ತದೆ. ಬಿಟ್ಟುಹೋದ ಪದವನ್ನು ಅಂಚಿನಲ್ಲಿ ಸೇರಿಸಿದ ಪ್ರತಿಗಳೂ ಇರುತ್ತವೆ. ಅಮ್ಮನ ಊಹೆ ದಡ್ಡ ಊಹೆಯೇನಲ್ಲ.

ತುಂಗಾತೀರ

ಈಗಷ್ಟೇ ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಕಳ್ಳ ಅಂದಿದ್ದು ವಾಪಸ್ ತಗೊಂಡೆ ಅಂತ ಬರಿ" ಅಂದರು. ಬರೆದಿದ್ದೇನೆ. ಈಗ ಇಬ್ರಾಹಿಂ ರೋಜಾದ ಅಕ್ಷರದ ಕಿಟಕಿ ನೋಡಬೇಕಂತೆ. ವಿಜಾಪುರ ಮಂದಿ, ಬೇಸಿಗೆಯಲ್ಲಿ ಬರಬಹುದಾ?

ವಿಜಾಪುರ ಮಂದಿ

ಬೇಸಿಗೆಯಾಗ ಬ್ಯಾಡ್ರಿ ಅಕ್ಕಾರ, ಸುಟ್ಟು ಹೋಗ್ತೀರಿ. ಡಿಸೆಂಬರ್‌ನಲ್ಲಿ ಬರ್ರಿ. ಟೀಚರಮ್ಮನ್ನ ಕರ್ಕೊಂಡೇ ಬರ್ರಿ.

ಖಡಕ್ ಮಾತು

ಡಿಸೆಂಬರ್ ಅಂದ್ರೆ ನಾನೂ ಬರ್ತೀನಿ. ರೊಟ್ಟಿ ಮರೆಯಬೇಡಿ.